ಮುತ್ತಮ್ಮಾಳ್ ತಂದ ಬ್ಯಾಟರಿ

ಅಂಗಪ್ಪನ್‌ಗೆ ಕಣ್ಣು ಹೋದದ್ದು ಪೆರಿಯನಾಯಕನಪಾಳ್ಯಂನ ಒಂದು ಫೌಂಡ್ರಿಯಲ್ಲಿ. ಮರಳಿನ ಅಚ್ಚು ಎಲ್ಲೋ ಒಂದು ಕಡೆ ಹಸಿಯಾಗಿ ಉಳಿದಿತ್ತು. ಕರಗಿದ ಕಬ್ಬಿಣ ಹೊಯ್ದಾಗ ಅದು ಒಳಗೆ ಇಳಿಯುವ ಬದಲು ಮೇಲಕ್ಕೆ ಸಿಡಿಯಿತು. ಮುಖದ ಗಾಯಗಳು ಕೆಲವು ತಿಂಗಳಲ್ಲಿ ಮಾಗಿದವು. ಕಣ್ಣು ಮಾತ್ರ ಮರಳಿ ಬರಲಿಲ್ಲ. ಕೆಂಡದ ಮುಂದೆ ಇಪ್ಪತ್ತು ವರ್ಷ ನಿಂತವನು ಆಮೇಲೆ ಮನೆಯಲ್ಲಿ ಯಾರಾದರೂ ಬೆಂಕಿಕಡ್ಡಿ ಗೀರಿದ ಸದ್ದಿಗೂ ಮುಖ ತಿರುಗಿಸಿಕೊಳ್ಳುತ್ತಿದ್ದ.

ಗಂಡ ಮನೆಯಲ್ಲಿ ಕೂತ ಮೇಲೆ ಹೆಂಡತಿ ಮುತ್ತಮ್ಮಾಳ್ ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಚೆಕಿಂಗ್ ಕೆಲಸಕ್ಕೆ ಸೇರಿದಳು. ಹೊಲಿದು ಬಂದ ಬಟ್ಟೆಯಲ್ಲಿ ತೂತು, ಕಲೆ, ಬಿಟ್ಟುಹೋದ ಹೊಲಿಗೆ ಹುಡುಕುವುದು ಅವಳ ಕೆಲಸ. ತಿರುಪ್ಪೂರಿನಲ್ಲಿ ಬಾಡಿಗೆ ಹೆಚ್ಚೆಂದು ಇಬ್ಬರೂ ಪಲ್ಲಡಂನಲ್ಲಿ ಒಂದು ಸಾಲುಮನೆ ಹಿಡಿದರು. ಅವಳು ಬೆಳಗ್ಗೆ ಕಂಪನಿ ವ್ಯಾನ್ ಹತ್ತಿದರೆ ಮರಳುವುದು ದೀಪ ಹಚ್ಚುವ ಹೊತ್ತಿಗೆ. ಒಬ್ಬಳೇ ಮಗಳು ನಿವೇತಾಳನ್ನು ಮಡತ್ತುಕುಳಂನ ಒಬ್ಬ ರೈತನಿಗೆ ಕೊಟ್ಟಾಗಿತ್ತು.

ಅವರ ಮನೆಮಾತು ಕನ್ನಡ. ಯಾವ ಕಾಲದಲ್ಲಿ ಯಾವ ಊರಿನಿಂದ ಇತ್ತ ಬಂದರೋ ಅವರಿಗೇ ಗೊತ್ತಿರಲಿಲ್ಲ. ಇಬ್ಬರಿಗೂ ಕನ್ನಡದ ಒಂದಕ್ಷರವೂ ಓದಲು ಬರದು. ಬೀದಿಯಲ್ಲಿ, ಕೆಲಸದಲ್ಲಿ, ದೇವಸ್ಥಾನದಲ್ಲಿ ಎಲ್ಲ ತಮಿಳೇ. ಮಗಳು ಕೂಡ ಶಾಲೆಗೆ ಹೋಗತೊಡಗಿದ ಮೇಲೆ ತಮಿಳಿನಲ್ಲೇ ಉತ್ತರ ಕೊಡುತ್ತಿದ್ದಳು. ಹೀಗಾಗಿ ಆ ಕನ್ನಡ ಕೊನೆಗೆ ಗಂಡ ಹೆಂಡಿರ ನಡುವಿನ ಮಾತಾಗಿ ಉಳಿದಿತ್ತು.

ಎರಡು ಸಾವಿರದ ನಾಲ್ಕರ ದೀಪಾವಳಿ ಬೋನಸ್ಸಿನಲ್ಲಿ ಮುತ್ತಮ್ಮಾಳ್ ಗಂಡನಿಗೆ ಒಂದು ಸೆಲ್‌ಫೋನು ತಂದಳು. ತನಗೆ ಸೀರೆ ತರುತ್ತೇನೆಂದು ಹೇಳಿ ಹೋದವಳು. ಗಂಡನ ಬೆರಳನ್ನು ತನ್ನ ಕೈಯಲ್ಲಿ ಹಿಡಿದು ಬಟನ್‌ಗಳ ಮೇಲೆ ಆಡಿಸಿದಳು.

“ಇಲ್ನೋಡಿ, ನಡುವೆ ಸಣ್ಣದೊಂದು ಉಬ್ಬು ಐತಲ್ಲ, ಅದು ಅಯ್ದು. ಅದರ ಮೇಲಿಂದು ಎಲ್ಡು, ಕೆಳಗಿಂದು ಎಂಟು. ತಿಳೀತುಂಗಳಾ?”

“ತಿಳೀತು. ಸೀರೆ ಎಲ್ಲಿ?”

“ಸೀರೆ ಮಾತಾಡ್ತದಾ?” ಅಂದಳು ಅವಳು.

ದಪ್ಪನೆಯ ಫೋನು. ರಬ್ಬರ್ ಬಟನ್‌ಗಳು ಒಂದಕ್ಕೊಂದು ತಾಗದಂತೆ ಬಿಡಿಬಿಡಿಯಾಗಿದ್ದವು, ಒತ್ತಿದರೆ ಬೆರಳಿಗೆ ತಿಳಿಯುತ್ತಿತ್ತು. ಅಂಗಪ್ಪನ್ ಅದನ್ನು ವಾರದೊಳಗೆ ಕಲಿತ. ಅದು ಕೈಗೆ ಬಂದ ಮೇಲೆ ಅವನು ಮತ್ತೆ ಮನುಷ್ಯನಾದ ಎಂದು ನೆರೆಯವರು ಹೇಳುತ್ತಿದ್ದರು. ತಿರುಪ್ಪೂರಿಗೆ ಕೆಲಸ ಹುಡುಕಿಕೊಂಡು ದಿನಾ ಜನ ಬರುತ್ತಿದ್ದ ಕಾಲ ಅದು. ಪಲ್ಲಡಂನಲ್ಲಿ ಯಾವ ಸಾಲುಮನೆ ಖಾಲಿಯಾಯಿತು, ಯಾವ ಓನರಮ್ಮ ನೀರಿಗೆ ಜಗಳ ತೆಗೆಯುತ್ತಾಳೆ, ಯಾರು ಒಂಟಿ ಹುಡುಗರಿಗೆ ಮನೆ ಕೊಡುವುದಿಲ್ಲ ಎಂಬುದೆಲ್ಲ ಕೂತಲ್ಲೇ ಅವನ ಕಿವಿಗೆ ಬೀಳುತ್ತಿತ್ತು. ಬಾಡಿಗೆ ಮನೆ ಕೊಡಿಸುವ ಬ್ರೋಕರ್ ಕೆಲಸ ತಾನಾಗಿಯೇ ಹತ್ತಿಕೊಂಡಿತು. ಬೆಳಗ್ಗೆ ಮಿಂದು ಅಂಗಿ ಹಾಕಿಕೊಂಡು ಬಾಗಿಲ ಬಳಿ ಕುರ್ಚಿಯಲ್ಲಿ ಕೂರುತ್ತಿದ್ದ, ಆಫೀಸಿಗೆ ಬಂದವನ ಹಾಗೆ.

ಆದರೆ ಅವನು ಕಾಯುತ್ತಿದ್ದದ್ದು ಹನ್ನೊಂದು ಗಂಟೆಗೆ ಮತ್ತು ನಾಲ್ಕು ಗಂಟೆಗೆ. ಕಂಪನಿಯಲ್ಲಿ ಟೀಗೆ ಬಿಡುವ ಹೊತ್ತು ಅವು. ಮುತ್ತಮ್ಮಾಳ್ ಗೇಟಿನ ಬಳಿಯ ಕಾಯಿನ್ ಬಾಕ್ಸ್‌ಗೆ ಒಂದು ರೂಪಾಯಿ ಹಾಕಿ ಮಾತಾಡುತ್ತಿದ್ದಳು.

“ಏನುಂಗ, ಉಂಡ್ರಾ?”

“ಉಂಡೆ. ನೀ?”

“ಈಗ ಟೀ. ಬನ್ನು ಒಣಗೋಗೈತೆ, ಎಸೆದ್ರೆ ತಲೆ ಒಡೀತದೆ.”

ಇಷ್ಟೇ ಮಾತು. ಕಾಸಿನ ಹೊತ್ತು ಮುಗಿದು ಲೈನ್ ಕಡಿದುಹೋಗುತ್ತಿತ್ತು. ಹಿಂದೆ ಸಾಲು ನಿಂತ ಹೆಂಗಸರು, ಅದರಲ್ಲೂ ಅವಳ ಪಕ್ಕದ ಮೇಜಿನ ಸುಶೀಲ, “ಅಕ್ಕಾ, ನಮಗೆ ತಿಳೀದ ಭಾಷೆಯಲ್ಲಿ ಅಣ್ಣನ ಹತ್ತಿರ ಏನು ಪ್ರೀತಿ ಮಾತು?” ಎಂದು ತಮಿಳಿನಲ್ಲಿ ಕಾಡುತ್ತಿದ್ದರು.

ಎರಡು ವರ್ಷಕ್ಕೆ ಬ್ಯಾಟರಿ ಸೋಲತೊಡಗಿತು. ಪಲ್ಲಡಂ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಫೋನಿನ ಕವರು, ಚಾರ್ಜರು, ಬ್ಯಾಟರಿ ಮಾರುವ ಸಣ್ಣ ಅಂಗಡಿಯೊಂದಿತ್ತು. ಇಟ್ಟವನು ಅಬ್ದುಲ್, ಗುಂಡ್ಲುಪೇಟೆ ಕಡೆಯವನು, ಮೂವತ್ತರ ಆಸುಪಾಸಿನವನು. ಅಂಗಪ್ಪನ್ ಕೋಲೂರಿಕೊಂಡು ಅಂಗಡಿ ಮುಟ್ಟಿದಾಗ ಅಬ್ದುಲ್ ಫೋನಿನಲ್ಲಿ ಯಾರೊಂದಿಗೋ ಕನ್ನಡದಲ್ಲಿ ಮಾತಾಡುತ್ತಿದ್ದ. ಅಂಗಪ್ಪನ್ ಕಟ್ಟೆಗೆ ಕೈ ಊರಿ, ಆ ಮಾತು ಮುಗಿಯುವವರೆಗೂ ಕೇಳುತ್ತಾ ನಿಂತ.

“ನೀವು ನಮ್ಮ ಮಾತು ಆಡ್ತೀರಾ ತಂಬಿ?” ಎಂದು ಕೊನೆಗೆ ಕೇಳಿದ.

ಅಲ್ಲಿಂದ ಅವರಿಬ್ಬರ ಸ್ನೇಹ. ಅಂಗಪ್ಪನ್‌ನ ಕನ್ನಡದಲ್ಲಿ ಅರ್ಧ ತಮಿಳೆಂದು ಅಬ್ದುಲ್ ನಗುತ್ತಿದ್ದ. ನಿನ್ನ ಕನ್ನಡ ರೇಡಿಯೋದಲ್ಲಿ ಬಂದಂತಿದೆ ಎಂದು ಅಂಗಪ್ಪನ್ ಹೇಳುತ್ತಿದ್ದ.

ಆ ಸಲ ಅಬ್ದುಲ್ ಕೊಯಮತ್ತೂರಿನಿಂದ ಫೋನ್ ಕಂಪನಿಯದೇ ಬ್ಯಾಟರಿ ತರಿಸಿಕೊಟ್ಟ. “ಇದು ಒರಿಜಿನಲ್ ಅಣ್ಣಾ. ಈ ಸ್ಟಿಕರ್ ಓರೆ ಮಾಡಿದ್ರೆ ಬಣ್ಣ ಬದಲಾಗುತ್ತೆ, ನೋಡಿ...” ಎಂದವನು ನಾಲಿಗೆ ಕಚ್ಚಿಕೊಂಡ.

“ನೀವು ನೋಡಿದ್ರಲ್ಲ, ಸಾಕು,” ಎಂದ ಅಂಗಪ್ಪನ್. ಆದರೂ ಹೊಸದನ್ನೂ ಹಳೆಯದನ್ನೂ ಎರಡು ಅಂಗೈಯಲ್ಲಿ ಹಿಡಿದು ತೂಗಿದ, ಅಂಚು ಸವರಿದ. ಫೋನಿನ ಹಿಂಬದಿಯ ಗೂಡಿಗೆ ಹಾಕಿದಾಗ ಅದು ಟಕ್ಕೆಂದು ಕೂತಿತು.

ಆ ಬ್ಯಾಟರಿಯೂ ಎರಡು ಸಾವಿರದ ಎಂಟರ ಕೊನೆಗೆ ಕೈಕೊಟ್ಟಿತು. ಅಷ್ಟು ಹೊತ್ತಿಗೆ ಆ ಮಾಡೆಲ್ ಫೋನೇ ನಿಂತುಹೋಗಿತ್ತು.

“ಒರಿಜಿನಲ್ ಸಿಗಲ್ಲ ಅಣ್ಣಾ,” ಎಂದ ಅಬ್ದುಲ್. “ಎಲ್ಲಾದ್ರೂ ಸಿಕ್ಕರೂ ಹಳೇ ಸ್ಟಾಕು. ಸೀಲ್ ಒಡೆಯದೇ ಇದ್ರೂ ಡಬ್ಬಿಯೊಳಗೇ ಸತ್ತಿರುತ್ತೆ. ಬೇರೆ ಕಂಪನಿಯದು ಒಂದಿದೆ. ತಮ್ಮದೇ ಹೆಸರು ಹಾಕಿ ಮಾರ್ತಾರೆ, ಕಳ್ಳ ಮಾಲಲ್ಲ. ಆರು ತಿಂಗಳು ಗ್ಯಾರಂಟಿ. ಅದನ್ನ ಹಾಕಿಸ್ಕೊಳ್ಳಿ. ಇಲ್ಲಾ ಹೊಸ ಫೋನ್ ತಗೊಳ್ಳಿ.”

ಹೊಸ ಫೋನೊಂದನ್ನು ಅಂಗಪ್ಪನ್ ಮುಟ್ಟಿ ನೋಡಿದ. ತೆಳ್ಳಗೆ, ನುಣ್ಣಗೆ ಇತ್ತು. ಬಟನ್‌ಗಳು ಹಾಳೆಯ ಹಾಗೆ ಒಂದೇ ಸಮ. ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಗುತ್ತದೆಂದು ಅವನ ಬೆರಳಿಗೆ ಹತ್ತಲಿಲ್ಲ. ಮನೆಯಲ್ಲಿ ಕೇಳಿಕೊಂಡು ಬರುತ್ತೇನೆಂದು ಹೊರಟುಬಂದ.

ಮುತ್ತಮ್ಮಾಳ್ ಬೇರೆ ಕಂಪನಿಯ ಬ್ಯಾಟರಿಗೆ ಒಪ್ಪಲಿಲ್ಲ. ಎಲ್ಲೋ ಯಾರದೋ ಫೋನಿನ ಬ್ಯಾಟರಿ ಸಿಡಿದು ಕೆನ್ನೆ ಸುಟ್ಟಿತೆಂದು ವ್ಯಾನಿನಲ್ಲಿ ಹೆಂಗಸರು ಮಾತಾಡಿದ್ದು ಅವಳ ಮನಸ್ಸಿನಲ್ಲಿ ಕೂತಿತ್ತು.

“ಒಂದ್ಸಲ ಆ ಮೊಕದ ಮೇಲೆ ಬೆಂಕಿ ಬಿದ್ದಿದ್ದು ಸಾಕು. ಲೋಕಲ್ ಮಾಲು ಬ್ಯಾಡ. ಒರಿಜಿನಲ್ಲೇ ಬೇಕು. ನಾ ತತ್ತೀನಿ,” ಎಂದಳು.

ಪೊಂಗಲ್‌ಗೆ ಮುಂಚೆ ಒಂದು ಸಂಜೆ ತಂದೂಬಿಟ್ಟಳು. ವ್ಯಾನ್ ಬಿಟ್ಟು ತಿರುಪ್ಪೂರಿನ ಹಳೇ ಬಸ್ ನಿಲ್ದಾಣದ ಸುತ್ತ ಅಂಗಡಿ ಅಂಗಡಿ ಅಲೆದಿದ್ದಳಂತೆ. ಕೊನೆಗೆ ಒಬ್ಬ ಒಳಗಿನ ಪೆಟ್ಟಿಗೆಯಿಂದ ತೆಗೆದುಕೊಟ್ಟನಂತೆ, ಇದೊಂದೇ ಉಳಿದಿರುವುದು ಎಂದು. ಒರಿಜಿನಲ್‌ಗೆ ಕೊಡುವ ಬೆಲೆಯನ್ನೇ ಕೊಟ್ಟಿದ್ದಳು.

“ಮಿನುಗೋ ಸ್ಟಿಕರ್ ಐತುಂಗ. ಕಂಪನಿ ಹೆಸರು ಐತೆ. ಹಳೇದ್ರ ಮೇಲೆ ಹೆಂಗೈತೋ ಹಂಗೇ.” ಅವಳ ದನಿಯಲ್ಲಿ ಉಸಿರು ಹಿಡಿಯಲಾಗದಷ್ಟು ಸಂತೋಷವಿತ್ತು. ಬಸ್ಸಿನಲ್ಲಿ ನಿಂತು ಬಂದು ಕಾಲು ಊದಿದ್ದನ್ನು ಆಮೇಲೆ ಹೇಳಿದಳು.

ಅಂಗಪ್ಪನ್ ಅದನ್ನು ಕೈಗೆ ತೆಗೆದುಕೊಂಡ. ಹಗುರವಾಗಿತ್ತು. ಅಂಚಿನಲ್ಲಿ ಪ್ಲಾಸ್ಟಿಕ್ ಒರಟು, ಉಗುರಿಗೆ ಸಿಕ್ಕಿಕೊಳ್ಳುತ್ತಿತ್ತು. ಗೂಡಿಗೆ ಹಾಕಿದರೆ ಅಲ್ಲಾಡಿತು. ಅವನಿಗೆ ತಿಳಿದುಹೋಯಿತು.

“ಹೆಂಗೈತೆ?” ಎಂದು ಅವಳು ಹತ್ತಿರ ಕೂತು ಕೇಳಿದಳು.

“ಒರಿಜಿನಲ್ಲೇ,” ಎಂದ ಅಂಗಪ್ಪನ್. “ಅಬ್ದುಲ್ ತಂಬಿಗೇ ಸಿಗದೇ ಇದ್ದಿದ್ದು ನಿನಗೆ ಸಿಕ್ತಲ್ಲ!”

ಅವಳು ನಕ್ಕಳು. ಒಳಗೆ ಹೋಗಿ ಅಕ್ಕಿ ತೊಳೆಯುತ್ತಾ ಏನನ್ನೋ ಗುನುಗಿಕೊಂಡಳು. ಅವಳು ಗುನುಗುವುದನ್ನು ಕೇಳಿ ತುಂಬ ದಿನವಾಗಿತ್ತು.

ಮರುದಿನ ಅಂಗಪ್ಪನ್ ಅದನ್ನು ಅಬ್ದುಲ್‌ಗೆ ತೋರಿಸಿದ. ಅಬ್ದುಲ್ ಸ್ಟಿಕರನ್ನು ಬಿಸಿಲಿಗೆ ಹಿಡಿದ, ಅಕ್ಷರಗಳನ್ನು ಓದಿದ. “ಡೂಪ್ಲಿಕೇಟ್ ಅಣ್ಣಾ. ಕಂಪನಿ ಹೆಸರಲ್ಲೇ ಒಂದಕ್ಷರ ತಪ್ಪಿದೆ. ಬೇರೆ ಕಂಪನಿಯದಾದ್ರೆ ಅದು ತನ್ನ ಹೆಸರು ಹೇಳ್ಕೊಂಡೇ ಮಾರುತ್ತೆ, ಇದು ಕಳ್ಳಮಾಲು. ನಾಲ್ಕು ದಿನಕ್ಕೆ ಊದ್ಕೊಳ್ಳುತ್ತೆ. ಬಿಸಾಕಿ. ನಾನು ಹೇಳಿದ್ದನ್ನ ಹಾಕಿಕೊಡ್ತೀನಿ, ದುಡ್ಡು ಆಮೇಲೆ ನೋಡಣ.”

“ಬ್ಯಾಡ ತಂಬಿ.”

“ಯಾಕಣ್ಣಾ?”

“ದಿನಾ ರಾತ್ರಿ ಅವಳೇ ಸೆಲ್ಲು ಬಿಚ್ಚಿ ಬಟ್ಟೇಲಿ ಒರೆಸಿ ಚಾರ್ಜಿಗೆ ಹಾಕ್ತಾಳೆ. ಬೇರೆ ಬ್ಯಾಟರಿ ಕಂಡ್ರೆ ಕೇಳ್ತಾಳೆ. ಅಷ್ಟು ಅಲೆದು ತಂದವ್ಳೆ. ಮೋಸ ಹೋದೆ ಅಂತ ತಿಳಿದ್ರೆ...” ಅಂಗಪ್ಪನ್ ಬ್ಯಾಟರಿಗೆ ಕೈ ಚಾಚಿದ. “ಇರ್ಲಿ. ಓಡೋವರ್ಗೂ ಓಡ್ಲಿ.”

“ತಪ್ಪು ಮಾಡ್ತಿದ್ದೀರಿ,” ಎಂದ ಅಬ್ದುಲ್. ಆದರೆ ಅಲ್ಲಾಡದಂತೆ ಕಾಗದ ಮಡಿಸಿ, ಕಣ್ಣಿಗೆ ಬೀಳದ ಹಾಗೆ ಗೂಡಿನ ಸಂದಿಗೆ ತುರುಕಿಕೊಟ್ಟ.

ಮೊದಮೊದಲು ಆ ಬ್ಯಾಟರಿ ಸಂಜೆವರೆಗೂ ಬರುತ್ತಿತ್ತು. ಆಮೇಲೆ ಮಧ್ಯಾಹ್ನದವರೆಗೆ. ಹಗಲು ಚಾರ್ಜಿಗೆ ಹಾಕೋಣವೆಂದರೆ ಆ ದಿನಗಳಲ್ಲಿ ಕರೆಂಟು ಯಾವಾಗ ಇರುತ್ತದೆ, ಯಾವಾಗ ಹೋಗುತ್ತದೆ ಎಂದು ಹೇಳುವಂತಿರಲಿಲ್ಲ. ಎರಡು ಸಲ ನಾಲ್ಕು ಗಂಟೆಯ ಕರೆ ತಪ್ಪಿತು. ಫೋನು ಆಫ್ ಮಾಡಿ ಮಲಗಿದ್ದೆ ಎಂದು ಅಂಗಪ್ಪನ್ ಸುಳ್ಳು ಹೇಳಿದ. “ನಾ ಇಲ್ಲಿ ನಿಂತು ನಿಂತು ಸಾಯ್ತೀನಿ, ನಿಮ್ಗೆ ನಿದ್ದೆ!” ಎಂದು ಅವಳು ತಮಾಷೆಗೆ ಬೈದಳು. ಮೂರನೆಯ ಸಲ ತಪ್ಪಬಾರದೆಂದು ಅವನೊಂದು ಉಪಾಯ ಹೂಡಿದ. ಹನ್ನೊಂದರ ಕರೆ ಮುಗಿದ ಕೂಡಲೇ ಫೋನು ಆಫ್ ಮಾಡಿಬಿಡುವುದು. ಪಕ್ಕದ ಮನೆಯ ಟಿವಿಯಲ್ಲಿ ಮಧ್ಯಾಹ್ನದ ಧಾರಾವಾಹಿಗಳು ಮುಗಿದವೆಂದರೆ ಮತ್ತೆ ಆನ್ ಮಾಡುವುದು. ನಡುವೆ ಮನೆ ಕೇಳಿಕೊಂಡು ಬರುವ ಕರೆಗಳು ಹೋದರೆ ಹೋಗಲಿ. ಅವಳ ಕರೆಗೆ ಬ್ಯಾಟರಿ ಉಳಿದರೆ ಸಾಕು.

ಮಾರ್ಚ್‌ನಲ್ಲಿ ಒಂದು ದಿನ ಮಧ್ಯಾಹ್ನ ಊಟ ಮುಗಿಸಿ ಮೇಜಿಗೆ ಮರಳಿದ ಮುತ್ತಮ್ಮಾಳ್, ಎದೆ ಹಿಡಿದುಕೊಂಡು ಬಟ್ಟೆಯ ರಾಶಿಯ ಮೇಲೆ ಕುಸಿದಳು. ಸುಶೀಲ ಮತ್ತು ಇನ್ನಿಬ್ಬರು ಆಟೋದಲ್ಲಿ ಆಸ್ಪತ್ರೆಗೆ ಸಾಗಿಸಿದರು. ದಾರಿಯುದ್ದಕ್ಕೂ ಸುಶೀಲ ತನ್ನ ಫೋನಿನಿಂದ ಅಂಗಪ್ಪನ್‌ಗೆ ಕರೆ ಮಾಡಿದಳು. ಫೋನು ಸ್ವಿಚ್ ಆಫ್ ಆಗಿದೆ ಎಂದು ಒಂದು ಹೆಣ್ಣುದನಿ ಮೊದಲು ತಮಿಳಿನಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ ಹೇಳುತ್ತಲೇ ಇತ್ತು.

ಆ ಹೊತ್ತಿಗೆ ಅಂಗಪ್ಪನ್ ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದ. ಫೋನು ಅಂಗಿಯ ಜೇಬಿನಲ್ಲಿತ್ತು.

ನಾಲ್ಕಕ್ಕೆ ಮುಂಚೆ ಆನ್ ಮಾಡಿ ಕೈಯಲ್ಲಿ ಹಿಡಿದುಕೊಂಡ. ನಾಲ್ಕು ಕಳೆಯಿತು. ಶಾಲೆ ಬಿಟ್ಟ ಮಕ್ಕಳ ಗದ್ದಲ ಬೀದಿಯಲ್ಲಿ ಎದ್ದು ಇಳಿಯಿತು. ಕಾಯಿನ್ ಬಾಕ್ಸ್ ಕೆಟ್ಟಿರಬೇಕು ಎಂದುಕೊಂಡ. ಆಮೇಲೆ ಫೋನು ರಿಂಗಾಯಿತು.

“ಯಾಕ್ ಇಷ್ಟೊತ್ತು?” ಎಂದ ಅವನು ಕನ್ನಡದಲ್ಲಿ.

“ಅಣ್ಣಾ, ನಾನು ಸುಶೀಲ.” ಮಾತು ತಮಿಳಿನಲ್ಲಿತ್ತು. “ಅಕ್ಕ ಕೆಲಸದ ಹತ್ತಿರ ಬಿದ್ದುಬಿಟ್ಟರು. ಆಸ್ಪತ್ರೆಗೆ ತಂದಿದ್ದೇವೆ. ನೀವು ಬೇಗ...”

ಟುಂಯ್ ಎಂದು ಫೋನು ಸತ್ತಿತು.

ಯಾವ ಆಸ್ಪತ್ರೆ ಎಂದು ಅವನು ಸತ್ತ ಫೋನಿಗೆ ಕೇಳಿದ. ಬಟನ್ ಒತ್ತಿ ಒತ್ತಿ ನೋಡಿದ. ಬಿಚ್ಚಿ, ಬ್ಯಾಟರಿಯನ್ನು ಅಂಗಿಗೆ ಉಜ್ಜಿ ಮತ್ತೆ ಹಾಕಿದ. ಊದಿಕೊಂಡಿದ್ದ ಅದು ಈ ಸಲ ಗೂಡಿನೊಳಗೆ ಹೋಗಲೇ ಇಲ್ಲ. ಕೋಲು ಮರೆತು ಬೀದಿಗಿಳಿದ. ಒಂದು ಸೈಕಲ್ಲಿಗೆ ಎಡವಿ ಬಿದ್ದ, ಎದ್ದ. ಬಸ್ ನಿಲ್ದಾಣದ ಹಿಂದಿನ ಬೀದಿಗೆ ಯಾರೋ ಕೈ ಹಿಡಿದು ತಲುಪಿಸಿದರು.

ಅಬ್ದುಲ್ ಏನೂ ಕೇಳದೆ ಬ್ಯಾಟರಿ ಕಿತ್ತೆಸೆದ. ಗಾಜಿನ ಕಪಾಟಿನಿಂದ ಆ ಬೇರೆ ಕಂಪನಿಯದನ್ನು ತೆಗೆದು ಹಾಕಿದ. ಫೋನು ತಕ್ಷಣ ಬದುಕಿತು. ಕೊನೆಗೆ ಬಂದ ನಂಬರಿಗೆ ತಿರುಗಿ ಕರೆ ಮಾಡಿ, ಅಂಗಪ್ಪನ್‌ನನ್ನು ಬೈಕಿನ ಹಿಂದೆ ಕೂರಿಸಿಕೊಂಡು, ಷಟರನ್ನು ಅರ್ಧಕ್ಕೇ ಎಳೆದು ಹೊರಟ. ಸುಶೀಲ ಫೋನಿನಲ್ಲಿ ಏನು ಹೇಳಿದಳೆಂದು ಅಬ್ದುಲ್ ದಾರಿಯಲ್ಲಿ ಬಾಯಿ ಬಿಡಲಿಲ್ಲ. ಬೈಕು ಅವಸರದಲ್ಲಿ ಹೋಗುತ್ತಿಲ್ಲ ಎಂಬುದು ಮಾತ್ರ ಅಂಗಪ್ಪನ್‌ಗೆ ಗೊತ್ತಾಯಿತು. ಅವನು ಬೇಗ ಹೋಗು ಎನ್ನಲಿಲ್ಲ. ಅಬ್ದುಲ್‌ನ ಅಂಗಿಯನ್ನು ಎರಡು ಕೈಯಲ್ಲೂ ಹಿಡಿದುಕೊಂಡು ಕೂತಿದ್ದ.

ಆಸ್ಪತ್ರೆಯಲ್ಲಿ ಅವಳ ಕೈ ಇನ್ನೂ ಪೂರ್ತಿ ತಣ್ಣಗಾಗಿರಲಿಲ್ಲ. ಬೆರಳ ತುದಿಗೆ ಬನಿಯನ್ ಬಟ್ಟೆಯ ನಯವಾದ ಧೂಳು ಅಂಟಿತ್ತು. ಅಂಗಪ್ಪನ್ ಅದನ್ನು ಒಂದೊಂದೇ ಬೆರಳಿನಿಂದ ಒರೆಸಿದ.

“ಏನಾದ್ರೂ ಹೇಳಿದಳಾ?” ಎಂದು ಸುಶೀಲಳನ್ನು ತಮಿಳಿನಲ್ಲಿ ಕೇಳಿದ.

ಸುಶೀಲ ಅಳುತ್ತಲೇ ಹೇಳಿದಳು. ಆಟೋ ಹತ್ತುವವರೆಗೂ ಅಕ್ಕ ತಮಿಳಿನಲ್ಲೇ ಮಾತಾಡಿದರು. ಆಸ್ಪತ್ರೆಗೆ ಬಂದ ಮೇಲೆ ತಮಿಳು ಬಿಟ್ಟುಹೋಯಿತು. ನಿಮ್ಮ ಭಾಷೆಯಲ್ಲೇ ಏನೇನೋ ಹೇಳುತ್ತಿದ್ದರು. ಏನು ಹೇಳುತ್ತಿದ್ದಾರೆಂದು ನರ್ಸ್ ನನ್ನನ್ನು ಕೇಳಿದರು. ನನಗೇನು ಗೊತ್ತು? ಅಲ್ಲಿದ್ದ ಯಾರಿಗೂ ತಿಳಿಯಲಿಲ್ಲ. ನಾನು ಕೈ ಹಿಡಿದುಕೊಂಡು ಸರಿ ಅಕ್ಕಾ, ಸರಿ ಅಕ್ಕಾ ಅನ್ನುತ್ತಿದ್ದೆ.

“ಒಂದು ಮಾತಾದ್ರೂ ನೆನಪಿಲ್ವಾ ತಾಯಿ?”

ಸುಶೀಲ ನೆನಪು ಮಾಡಿಕೊಂಡಳು. “ಬ್ಯಾಡ. ಬ್ಯಾಡ ಬ್ಯಾಡ ಅಂತಿದ್ದರು. ಅದೊಂದೇ ನೆನಪಿರೋದು. ಹಾಗಂದರೆ ಏನಣ್ಣಾ?”

ಅಂಗಪ್ಪನ್ ಅದರ ಅರ್ಥ ಹೇಳಿದ. ಏನು ಬೇಡ ಎಂದಳೋ ಅವನಿಗೂ ತಿಳಿಯಲಿಲ್ಲ. ಸೂಜಿ ಬೇಡ ಅಂದಳೋ? ಅವರಿಗೆ ಹೇಳಬೇಡಿ, ಒಬ್ಬರೇ ಗಾಬರಿಬಿದ್ದು ರಸ್ತೆಗೆ ಬಂದಾರು ಅಂದಳೋ? ಹೋಗುವುದು ಬೇಡ ಅಂದಳೋ? ಅವನಾದರೆ ಒಂದೇ ಮಾತಿನಲ್ಲಿ ತಿಳಿದುಕೊಳ್ಳುತ್ತಿದ್ದ. ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದಿದ್ದರೂ ಸಾಕಿತ್ತು.

ಹನ್ನೊಂದನೆಯ ದಿನದ ಕಾರ್ಯ ಮುಗಿದ ಮೇಲೆ ನಿವೇತಾ ತಂದೆಯನ್ನು ಮಡತ್ತುಕುಳಂಗೆ ಕರೆದುಕೊಂಡು ಹೋದಳು. ಸಾಲುಮನೆಯ ಕೀಲಿಯನ್ನು ಓನರಮ್ಮನಿಗೆ ಕೊಟ್ಟರು. ಇಷ್ಟು ಜನಕ್ಕೆ ಮನೆ ಕೊಡಿಸಿದ ಅಂಗಪ್ಪನ್‌ನ ಮನೆಗೆ ಹೊಸ ಬಾಡಿಗೆದಾರರನ್ನು ಬೇರೆ ಯಾರೋ ಹುಡುಕಿದರು.

ಅಲ್ಲಿ ಒಂದು ಮಧ್ಯಾಹ್ನ ಊಟ ಬಡಿಸುತ್ತಾ ನಿವೇತಾ, “ಆವತ್ತು ಸೆಲ್ಲು ಯಾಕಪ್ಪಾ ಆಫ್ ಆಗಿತ್ತು?” ಎಂದು ತಮಿಳಿನಲ್ಲಿ ಕೇಳಿದಳು.

ಅವನು ಎಲ್ಲವನ್ನೂ ಹೇಳಿದ. ಹಗುರವಾದ ಬ್ಯಾಟರಿ, ಒರಿಜಿನಲ್ಲೇ ಎಂದ ಸುಳ್ಳು, ಅಬ್ದುಲ್ ಹೇಳಿದರೂ ಕೇಳದ್ದು, ನಾಲ್ಕರ ಕರೆಗಾಗಿ ತಾನೇ ಬಟನ್ ಒತ್ತಿ ಆಫ್ ಮಾಡಿದ್ದು. ಮುಚ್ಚುಮರೆ ಮಾಡಲಿಲ್ಲ. ನಿವೇತಾ ಎದ್ದಳು. ಹಿತ್ತಲಿಗೆ ಹೋಗಿ ಪಾತ್ರೆ ತಿಕ್ಕಿದಳು. ತಿಕ್ಕಿದ ಪಾತ್ರೆಯನ್ನೇ ಮತ್ತೆ ತಿಕ್ಕುವ ಸದ್ದು ಅವನಿಗೆ ಕೇಳಿಸಿತು. ಕೆಲವು ದಿನ ಅವಳು ತಂದೆಯೊಂದಿಗೆ ಬೇಕಾದಷ್ಟೇ ಮಾತಾಡಿದಳು. ಅವನೂ ಅದನ್ನು ನ್ಯಾಯವೆಂದೇ ತಿಳಿದ. ಆಮೇಲೊಂದು ದಿನ ಅವಳು ಅವನ ತಲೆಗೆ ಎಣ್ಣೆ ಹಚ್ಚುತ್ತಾ ತಟ್ಟನೆ ಕೈ ನಿಲ್ಲಿಸಿದಳು.

“ನಿಜ ಹೇಳಿದ್ದರೆ ಅಮ್ಮ ಬೇಜಾರು ಮಾಡ್ಕೊಂಡು, ಎರಡು ದಿನಕ್ಕೆ ಮರೀತಿದ್ದರಪ್ಪಾ,” ಎಂದಳು.

“ಆಮಾ ಕಣ್ಣು,” ಎಂದು ತಮಿಳಿನಲ್ಲೇ ಒಪ್ಪಿಕೊಂಡ ಅವನು. “ಮರೀತಿದ್ಲು.”

ಅಬ್ದುಲ್ ಹಾಕಿಕೊಟ್ಟ ಬ್ಯಾಟರಿ ಚೆನ್ನಾಗಿಯೇ ಇತ್ತು. ಒಂದು ಸಲ ಚಾರ್ಜ್ ಮಾಡಿದರೆ ಎರಡು ಮೂರು ದಿನ ಬರುತ್ತಿತ್ತು. ಮೊದಮೊದಲು ಪಲ್ಲಡಂನಿಂದ ಮನೆ ಕೇಳಿಕೊಂಡು ಕರೆಗಳು ಬಂದವು, ಆಮೇಲೆ ನಿಂತವು. ಅಬ್ದುಲ್ ಮಾತ್ರ ಆಗೀಗ ಕರೆ ಮಾಡಿ ಕನ್ನಡದಲ್ಲಿ ನಾಲ್ಕು ಮಾತಾಡುತ್ತಿದ್ದ. ಒಂದು ಸಲ ಅವನು ಅಂಗಡಿ ಮುಚ್ಚಿ ಊರಿಗೆ ಹೋಗುತ್ತಿದ್ದೇನೆ, ಅಲ್ಲಿ ಅಣ್ಣನ ಜೊತೆ ವ್ಯಾಪಾರಕ್ಕೆ ಸೇರಿಕೊಳ್ಳುತ್ತೇನೆ ಎಂದ. “ಒಳ್ಳೇದಾಗ್ಲಿ ತಂಬಿ,” ಎಂದ ಅಂಗಪ್ಪನ್. ಆ ಬ್ಯಾಟರಿಯ ದುಡ್ಡನ್ನು ಅಬ್ದುಲ್ ಕೊನೆಗೂ ತೆಗೆದುಕೊಳ್ಳಲಿಲ್ಲ.

ವರ್ಷದ ತಿಥಿಗೆ ಪಲ್ಲಡಂ ಕಡೆಯಿಂದ ಮುತ್ತಮ್ಮಾಳ್‌ಳ ತಂಗಿ ಪಳನಿಯಮ್ಮಾಳ್ ಮತ್ತು ನಾಲ್ಕಾರು ಮಂದಿ ನೆಂಟರು ಬಂದರು. ಎಡೆ ಇಟ್ಟು, ಕಾಗೆಗೆ ಅನ್ನ ಹಾಕಿ, ಉಂಡು, ಎಲ್ಲರೂ ಹಿತ್ತಲಿನ ತೆಂಗಿನ ನೆರಳಿನಲ್ಲಿ ಕೂತರು. ವಯಸ್ಸಾದವರೇ ಹೆಚ್ಚು. ಅಂಗಪ್ಪನ್‌ನ ಸುತ್ತಲೂ ಆ ದಿನ ಕನ್ನಡ ಎದ್ದಿತು. ಯಾರ ಮಗಳಿಗೆ ಗಂಡು ಗೊತ್ತಾಯಿತು, ಯಾರ ಬಾವಿ ಬತ್ತಿತು, ಮುತ್ತಮ್ಮಾಳ್ ಚಿಕ್ಕವಳಿದ್ದಾಗ ಹುಣಿಸೆಮರದಿಂದ ಬಿದ್ದು ಹಲ್ಲು ಮುರಿದುಕೊಂಡದ್ದು ಹೇಗೆ. ಪಳನಿಯಮ್ಮಾಳ್‌ಳ ದನಿ ಅಕ್ಕನ ದನಿಗೆ ಹತ್ತಿರ. ಅವಳು ಮಾತಾಡಿದಾಗಲೆಲ್ಲ ಅಂಗಪ್ಪನ್ ತಲೆ ಬಗ್ಗಿಸಿ ಕೂರುತ್ತಿದ್ದ, ಏನೂ ಕೇಳದವನ ಹಾಗೆ.

ಬಿಸಿಲು ಇಳಿದಾಗ ಅವರು ಬಸ್ಸಿಗೆ ಹೊತ್ತಾಯಿತೆಂದು ಎದ್ದರು. “ಬತ್ತೀವಿ ಭಾವಾ,” ಎಂದು ಪಳನಿಯಮ್ಮಾಳ್ ಅವನ ಕೈ ಮುಟ್ಟಿದಳು.

“ಸರಿಯಮ್ಮಾ. ನೋಡ್ಕೊಂಡು ಹೋಗಿ,” ಎಂದ.

ಅವರ ಹೆಜ್ಜೆ ಸದ್ದು ಕಾಲುವೆಯ ಏರಿ ಹಿಡಿದು ದೂರವಾಯಿತು. ನಿವೇತಾ ಬಂದು ಚಾಪೆ ಸುತ್ತತೊಡಗಿದಳು. ಅವನು ಎದ್ದು ದಾರಿ ಬಿಡಲಿಲ್ಲ.

“ಏನಪ್ಪಾ?” ಎಂದಳು.

“ಇನ್ನೊಂದು ಬಸ್ಸು ಐತಾ ಅವರಿಗೆ?”

“ಆರೂವರೆಗೆ ಒಂದಿದೆ.”

“ಅದಕ್ಕೆ ಹೋಗೀರಂತೆ ಅಂತ ಹೇಳ್ಬೇಕಾಗಿತ್ತು,” ಎಂದ ಅಂಗಪ್ಪನ್. ಆಮೇಲೆ ಚಾಪೆಯಿಂದ ಎದ್ದು, ತೆಂಗಿನ ಮರವನ್ನು ಮುಟ್ಟಿಕೊಂಡು, ಅವರ ಮಾತು ಹೋದ ಏರಿಯ ಕಡೆ ಕಿವಿಗೊಟ್ಟು ನಿಂತ.